ಬೆರಳು ಓದುವ ಸಾಲು

(ಶಾಲಾ ಶತಮಾನೋತ್ಸವದ ಅಂಗವಾಗಿ ಜರಗಿದ ಹಳೆವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶತಮಾನೋತ್ಸವದ ಸಭೆಯಲ್ಲಿ ಶಾಲೆಯ ಚರಿತ್ರೆಯನ್ನು ಸ್ಮರಿಸುವುದು ವಾಡಿಕೆ. ಆ ಕಾರ್ಯವನ್ನು ನನಗಿಂತ ಬಲ್ಲವರು ಬೆಳಗಿನಿಂದ ಮಾಡಿದ್ದಾರೆ. ‘ನೀವು ಮಾಡುತ್ತಿರುವ ಕೆಲಸದ ಕುರಿತು ಹೇಳಿ’ ಎಂಬುದಷ್ಟೇ ನನಗೆ ಸಂಘಟಕರು ಕೊಟ್ಟ ಸೂಚನೆ. ನಾನು ಮಾಡುತ್ತಿರುವುದು ಕನ್ನಡ ಪುಸ್ತಕಗಳನ್ನು ಬ್ರೈಲ್ ಲಿಪಿಗೆ ತರುವ ಕೆಲಸ. ಅದರಲ್ಲಿಯೂ ಅತಿ ಸಣ್ಣದೆಂದು ತೋರುವ ಒಂದು ಭಾಗವನ್ನು ಮಾತ್ರ ಈ ಹೊತ್ತು ಎತ್ತಿಕೊಳ್ಳುತ್ತೇನೆ: ಸಾಲು ಎಲ್ಲಿ ಮುರಿಯಬೇಕು, ಪ್ಯಾರಾ ಎಲ್ಲಿ ತೊಡಗಬೇಕು ಎಂಬುದನ್ನು ಗಣಕಯಂತ್ರಕ್ಕೆ ತಿಳಿಸುವ ಸಂಕೇತಗಳು. ಇಷ್ಟು ದೊಡ್ಡ ಸಭೆಗೆ ಇಷ್ಟು ಸಣ್ಣ ವಿಷಯವೇ ಎಂದು ನಿಮಗೆ ಅನ್ನಿಸಬಹುದು. ಆದರೆ ಇಲ್ಲಿ ಕುಳಿತಿರುವವರಲ್ಲಿ ಬಹುಮಂದಿ ಅಧ್ಯಾಪಕರು. ಪ್ರಶ್ನೆಪತ್ರಿಕೆ, ಟಿಪ್ಪಣಿ, ಪಾಠಗಳನ್ನು ದಿನನಿತ್ಯ ಬೆರಳಚ್ಚು ಮಾಡುವವರು. ಕಣ್ಣು ಕಾಣದ ಮಗುವಿಗೆ ಪುಸ್ತಕವು ಪುಸ್ತಕವಾಗಿ ದೊರೆಯುವುದೋ, ಅಕ್ಷರಗಳ ರಾಶಿಯಾಗಿ ದೊರೆಯುವುದೋ ಎಂಬುದು ನಿಮ್ಮ ಕೈಯಲ್ಲಿದೆ. ಅದಕ್ಕಾಗಿ ಈ ಮಾತು.

ಬ್ರೈಲ್ ಲಿಪಿಯ ಕಥೆ ನಿಮಗೆ ಹೊಸದಲ್ಲ. ಲೂಯಿ ಬ್ರೈಲ್ 1809ರಲ್ಲಿ ಫ್ರಾನ್ಸಿನ ಕೂವ್ರೇ ಎಂಬ ಊರಿನಲ್ಲಿ ಜನಿಸಿದ. ತಂದೆ ಕುದುರೆಯ ಜೀನು ಹೊಲಿಯುವ ಕುಶಲಕರ್ಮಿ. ಮೂರರ ಪ್ರಾಯದಲ್ಲಿ ತಂದೆಯ ದಬ್ಬಣ ಕಣ್ಣಿಗೆ ತಾಗಿ ಹುಡುಗ ಕ್ರಮೇಣ ಎರಡೂ ಕಣ್ಣುಗಳನ್ನು ಕಳೆದುಕೊಂಡ. ಅವನು ತನ್ನ ಚುಕ್ಕೆಗಳ ಲಿಪಿಯನ್ನು 1829ರಲ್ಲಿ ಪ್ರಕಟಿಸಿದ. ಎರಡು ಕಂಬಸಾಲು, ಒಂದೊಂದರಲ್ಲಿ ಮೂರು ಚುಕ್ಕೆ, ಒಟ್ಟು ಆರು. ಈ ಆರರ ಘಟಕವನ್ನು ‘ಸೆಲ್’ ಎನ್ನುತ್ತಾರೆ; ನಾನು ‘ಮನೆ’ ಎನ್ನುತ್ತೇನೆ. ಒಂದು ಮನೆಯಲ್ಲಿ ಉಬ್ಬುವ ಚುಕ್ಕೆಗಳಿಂದ 63 ಆಕೃತಿಗಳು ಸಾಧ್ಯ. ಭಾಷೆ ಯಾವುದೇ ಇರಲಿ, ಅಂಕಿ ಇರಲಿ, ಸಂಗೀತ ಇರಲಿ, ಎಲ್ಲವೂ ಈ ಅರುವತ್ತಮೂರರಲ್ಲಿಯೇ ಮುಗಿಯಬೇಕು.

ನಮ್ಮ ದೇಶದಲ್ಲಿ ಮೊದಲು ಹಲವು ಬಗೆಯ ಬ್ರೈಲ್ ಪದ್ಧತಿಗಳಿದ್ದವು. 1951ರಲ್ಲಿ ಎಲ್ಲ ಭಾರತೀಯ ಭಾಷೆಗಳಿಗೂ ಸಮಾನವಾದ ಭಾರತಿ ಬ್ರೈಲ್ ಅಂಗೀಕೃತವಾಯಿತು. ಗಡಿನಾಡಿನವರಾದ ನಮಗೆ ಇದರಲ್ಲಿ ಒಂದು ಸ್ವಾರಸ್ಯವಿದೆ. ಕನ್ನಡದ ‘ಕ’ವೂ ಮಲಯಾಳದ ‘ಕ’ವೂ ಹಿಂದಿಯ ‘ಕ’ವೂ ಬೆರಳಿಗೆ ಒಂದೇ, ಮೊದಲನೆಯ ಮತ್ತು ಮೂರನೆಯ ಚುಕ್ಕೆ. ಚಂದ್ರಗಿರಿ ಹೊಳೆಯ ಆಚೆ ಈಚೆ ಎಂದು ನಾವು ಎಷ್ಟು ವಾದಿಸಿದರೂ, ಕಣ್ಣು ಕಾಣದ ಮಗು ಎರಡು ದಡಗಳಲ್ಲಿಯೂ ಒಂದೇ ಲಿಪಿಯನ್ನು ಓದುತ್ತದೆ.

ಈ ಲಿಪಿಯಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ, ಗುಣಿತಚಿಹ್ನೆ ತಲೆಯ ಮೇಲೆ ಏರುವುದಿಲ್ಲ. ಎಲ್ಲವೂ ಸಾಲಾಗಿ ನಿಲ್ಲುತ್ತದೆ. ‘ಕನ್ನಡ’ ಎಂದು ಬರೆಯಲು ಐದು ಮನೆ ಬೇಕು: ಕ, ಒತ್ತು ಬರಲಿದೆ ಎಂದು ಮುಂಚಿತವಾಗಿ ತಿಳಿಸುವ ನಾಲ್ಕನೆಯ ಚುಕ್ಕೆ, ನ, ಮತ್ತೊಂದು ನ, ಡ. ‘ಶತಮಾನೋತ್ಸವ’ ಎಂಬ ಆರಕ್ಷರದ ಪದಕ್ಕೆ ಹತ್ತು ಮನೆ. ಸಾಮಾನ್ಯವಾಗಿ ಬಳಸುವ ಅಗಲ ಕಾಗದದ ಒಂದು ಸಾಲಿನಲ್ಲಿ 40 ಮನೆ, ಒಂದು ಪುಟದಲ್ಲಿ 25 ಸಾಲು. ಇಷ್ಟೇ ನಮ್ಮ ಹೊಲ. ಅದರಲ್ಲಿಯೇ ಶೀರ್ಷಿಕೆ, ಪ್ಯಾರಾ, ಪದ್ಯ, ಪ್ರಶ್ನೆ, ಪಟ್ಟಿ ಎಲ್ಲವನ್ನೂ ಬಿತ್ತಬೇಕು.

ಇನ್ನು ತಂತ್ರಾಂಶದ ವಿಷಯ. 1975ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಆರಂಭವಾದ ಡಕ್ಸ್‌ಬರಿ ಸಂಸ್ಥೆಯ ಅನುವಾದಕ ತಂತ್ರಾಂಶ ಇಂದು ಲೋಕದಾದ್ಯಂತ ಬಳಕೆಯಲ್ಲಿದೆ. ಲಿಬ್‌ಲೂಯಿ ಎಂಬ ಮುಕ್ತ ತಂತ್ರಾಂಶವೂ ಇದೆ. ಎರಡರಲ್ಲಿಯೂ ಕನ್ನಡಕ್ಕೆ ಅವಕಾಶವಿದೆ. ಇಂತಹ ತಂತ್ರಾಂಶವನ್ನು ಬಳಸಿ ಬ್ರೈಲ್ ಪುಟವನ್ನು ಸಿದ್ಧಪಡಿಸುವಲ್ಲಿ ಎರಡು ಕೆಲಸಗಳಿವೆ. ಅಕ್ಷರಗಳನ್ನು ಚುಕ್ಕೆಗಳಾಗಿ ಪರಿವರ್ತಿಸುವುದು ಮೊದಲನೆಯದು. ಅದನ್ನು ಯಂತ್ರ ನಮಗಿಂತ ಚೆನ್ನಾಗಿ ಮಾಡುತ್ತದೆ. ಇನ್ನೂರು ಪುಟದ ಕಾದಂಬರಿ ಕ್ಷಣಾರ್ಧದಲ್ಲಿ ಚುಕ್ಕೆಯಾಗುತ್ತದೆ. ಆ ಚುಕ್ಕೆಗಳನ್ನು ಪುಟದಲ್ಲಿ ಅಳವಡಿಸುವುದು ಎರಡನೆಯದು. ಇಲ್ಲಿ ಯಂತ್ರಕ್ಕೆ ನಮ್ಮ ಮನಸ್ಸು ತಿಳಿಯದು. ನೀವು ಎಂಟರ್ ಕೀಲಿಯನ್ನು ಒತ್ತಿದ್ದು ಪ್ಯಾರಾ ಮುಗಿಯಿತೆಂದೋ, ಪದ್ಯದ ಸಾಲು ಮುಗಿಯಿತೆಂದೋ, ಬರಿದೆ ಜಾಗ ಬಿಡಲೆಂದೋ ಎಂಬುದನ್ನು ಅದು ಊಹಿಸಲಾರದು. ಅದಕ್ಕೆ ಬಾಯಿಬಿಟ್ಟು ಹೇಳಬೇಕು. ಹೇಳುವ ಮಾತೇ ಸಂಕೇತ.

ಡಕ್ಸ್‌ಬರಿಯಲ್ಲಿ ಈ ಸಂಕೇತಗಳನ್ನು ಚೌಕ ಆವರಣದೊಳಗೆ ಬರೆಯುತ್ತಾರೆ. ‘ಪಿ’ ಎಂಬ ಒಂದೇ ಇಂಗ್ಲಿಷ್ ಅಕ್ಷರವಿದ್ದರೆ ಹೊಸ ಪ್ಯಾರಾ. ‘ಎಲ್’ ಎಂದಿದ್ದರೆ ಹೊಸ ಸಾಲು. ‘ಎಸ್‌ಕೆ’ ಎಂದು ಬರೆದು ಪಕ್ಕದಲ್ಲಿ 1 ಎಂದರೆ ಒಂದು ಸಾಲು ಖಾಲಿ ಬಿಡು ಎಂದರ್ಥ. ಸಾಲು ಎಷ್ಟನೆಯ ಮನೆಯಲ್ಲಿ ತೊಡಗಬೇಕು, ನಲುವತ್ತು ಮನೆಗೆ ಮೀರಿ ಉಕ್ಕಿದರೆ ಉಳಿದ ಭಾಗ ಮುಂದಿನ ಸಾಲಿನಲ್ಲಿ ಎಷ್ಟನೆಯ ಮನೆಯಿಂದ ಮುಂದುವರಿಯಬೇಕು ಎಂದು ಎರಡು ಅಂಕಿಗಳಲ್ಲಿ ಹೇಳುವ ಸಂಕೇತ ಬೇರೆ. ಈ ಎರಡು ಅಂಕಿಗಳನ್ನು ನೆನಪಿನಲ್ಲಿಡಿ, ಮುಂದೆ ಬರುತ್ತವೆ. ಸಂಕೇತಗಳು ಕಾಗದದ ಮೇಲೆ ಮೂಡುವುದಿಲ್ಲ. ಅಳವಡಿಕೆ ಮುಗಿದೊಡನೆ ಮರೆಯಾಗುತ್ತವೆ. ಹಿಂದಿನ ಮುದ್ರಣಾಲಯಗಳಲ್ಲಿ, ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನ ಕಾಲದಿಂದಲೂ, ಮೊಳೆ ಜೋಡಿಸುವವರು ಪದಗಳ ನಡುವಿನ ಬಿಳಿಯ ಜಾಗಕ್ಕೂ ಒಂದೊಂದು ಸೀಸದ ತುಂಡನ್ನು ಇಡುತ್ತಿದ್ದರು. ಮಸಿ ತಾಗದ ಆ ತುಂಡು ಇಲ್ಲದಿದ್ದರೆ ಮಸಿ ತಾಗುವ ಮೊಳೆಗಳು ನೆಟ್ಟಗೆ ನಿಲ್ಲುತ್ತಿರಲಿಲ್ಲ. ನಮ್ಮ ಸಂಕೇತಗಳದ್ದೂ ಅದೇ ಕೆಲಸ.

ಇದಕ್ಕೆ ಇಷ್ಟೇಕೆ ಮಹತ್ತ್ವ? ಮುದ್ರಿತ ಪುಟದಲ್ಲಿ ಶೀರ್ಷಿಕೆಯನ್ನು ದಪ್ಪಕ್ಷರದಲ್ಲಿ ತೋರಿಸಬಹುದು, ಬಣ್ಣ ಹಾಕಬಹುದು, ಗಾತ್ರ ಹಿಗ್ಗಿಸಬಹುದು. ಕಣ್ಣು ಒಂದು ನೋಟದಲ್ಲಿಯೇ ಇದು ತಲೆಬರಹ, ಇದು ಪದ್ಯ, ಇದು ಅಡಿಟಿಪ್ಪಣಿ ಎಂದು ಗ್ರಹಿಸುತ್ತದೆ. ಬ್ರೈಲಿನಲ್ಲಿ ಚುಕ್ಕೆಗಳೆಲ್ಲ ಒಂದೇ ಗಾತ್ರ. ಬೆರಳಿಗೆ ಒಟ್ಟು ಪುಟದ ನೋಟವೆಂಬುದಿಲ್ಲ. ಒಂದು ಸಲಕ್ಕೆ ಅದರ ತುದಿಗೆ ಒಂದು ಮನೆ ತಾಗುತ್ತದೆ. ಹಾಗಾಗಿ ಬೆರಳಿಗೆ ದೊರೆಯುವ ಗುರುತು ಜಾಗವೊಂದೇ: ಸಾಲು ಯಾವ ಮನೆಯಲ್ಲಿ ತೊಡಗಿದೆ, ಮೇಲೆ ಕೆಳಗೆ ಖಾಲಿ ಇದೆಯೇ. ಅದಕ್ಕಾಗಿಯೇ ಒಂದು ಕಟ್ಟಳೆ ರೂಢಿಯಲ್ಲಿದೆ. ಪ್ಯಾರಾದ ಮೊದಲ ಸಾಲು ಮೂರನೆಯ ಮನೆಯಿಂದ, ಉಳಿದವು ಒಂದನೆಯ ಮನೆಯಿಂದ. ಪ್ಯಾರಾಗಳ ನಡುವೆ ಖಾಲಿ ಸಾಲು ಬೇಡ. ಮುಖ್ಯ ಶೀರ್ಷಿಕೆ ನಡುವಿನಲ್ಲಿ, ಮೇಲೆ ಕೆಳಗೆ ಖಾಲಿ ಸಾಲಿನೊಂದಿಗೆ. ಉಪಶೀರ್ಷಿಕೆ ಐದನೆಯ ಮನೆಯಿಂದ. ಶೀರ್ಷಿಕೆಯೊಂದು ಪುಟದ ತಳದಲ್ಲಿ ಒಂಟಿಯಾಗಿ ಉಳಿಯಬಾರದು. ಪದ್ಯದಲ್ಲಿ ಕ್ರಮ ತಿರುವುಮುರುವು: ಪ್ರತಿ ಸಾಲೂ ಒಂದನೆಯ ಮನೆಯಿಂದ, ಉಕ್ಕಿದ ಭಾಗ ಮೂರನೆಯ ಮನೆಯಿಂದ.

ನುರಿತ ಓದುಗರು ಎರಡೂ ಕೈಗಳಿಂದ ಓದುವುದನ್ನು ನೀವು ನೋಡಿರಬಹುದು. ಬಲಗೈ ಸಾಲಿನ ಕೊನೆಯನ್ನು ಮುಗಿಸುತ್ತಿರುವಾಗಲೇ ಎಡಗೈ ಮುಂದಿನ ಸಾಲಿನ ಆರಂಭಕ್ಕೆ ಇಳಿದಿರುತ್ತದೆ. ಆ ಎಡಗೈಗೆ ಪುಟದ ಎಡ ಅಂಚೇ ವಿಷಯಸೂಚಿ.

ಈ ಮೂರನೆಯ ಮನೆಯ ವ್ಯತ್ಯಾಸ ಎಷ್ಟು ದೊಡ್ಡದೆಂದು ನನಗೆ ಮನದಟ್ಟು ಮಾಡಿಸಿದವಳು ಒಬ್ಬಳು ಬಾಲಕಿ. ಕಾವ್ಯವಾಚನಕ್ಕೆ ಅಣಿಯಾಗುತ್ತಿದ್ದಳು. ಜೈಮಿನಿ ಭಾರತದ ಕೆಲವು ಪದ್ಯಗಳ ಬ್ರೈಲ್ ಪ್ರತಿ ಅವಳಿಗೆ ಎಲ್ಲಿಂದಲೋ ದೊರೆತಿತ್ತು. ಅದನ್ನು ಸಿದ್ಧಪಡಿಸಿದವರು ಯಾರೆಂಬುದು ಇಲ್ಲಿ ಅಪ್ರಸ್ತುತ. ಅವಳು ಪ್ರತಿಯನ್ನು ನನ್ನ ಮುಂದಿಟ್ಟು ಕೇಳಿದಳು: “ಮಾಷ್ಟ್ರೇ, ಷಟ್ಪದಿ ಎಂದರೆ ಆರು ಸಾಲು ಎಂದು ಟೀಚರ್ ಹೇಳಿದ್ದಾರೆ. ಇದರಲ್ಲಿ ಎಂಟು ಉಂಟು. ನಾಲ್ಕನೆಯದರಲ್ಲಿಯೂ ಎಂಟನೆಯದರಲ್ಲಿಯೂ ಪ್ರಾಸ ಇಲ್ಲ. ಲಕ್ಷ್ಮೀಶನಿಗೆ ತಪ್ಪಿತೋ?”

ಸಭೆಯಲ್ಲಿರುವ ಕನ್ನಡ ಅಧ್ಯಾಪಕರಿಗೆ ಈಗಾಗಲೇ ವಿಷಯ ಹೊಳೆದಿರಬೇಕು. ಜೈಮಿನಿ ಭಾರತ ವಾರ್ಧಕ ಷಟ್ಪದಿಯ ಕಾವ್ಯ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಐದೈದು ಮಾತ್ರೆಯ ನಾಲ್ಕು ಗಣ, ಅಂದರೆ 20 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಐದೈದು ಮಾತ್ರೆಯ ಆರು ಗಣ ಮತ್ತು ಕೊನೆಗೊಂದು ಗುರು, ಒಟ್ಟು 32 ಮಾತ್ರೆ. ಗುಣಿತಕ್ಕೊಂದು ಮನೆ, ಒತ್ತಿಗೊಂದು ಮನೆ, ಪದಗಳ ನಡುವೆ ಒಂದೊಂದು ಖಾಲಿ ಮನೆ ಎಂದು ಲೆಕ್ಕ ಹಾಕಿದರೆ ಕಿರಿಯ ಸಾಲುಗಳು ನಲುವತ್ತು ಮನೆಯೊಳಗೆ ಹಿಡಿಸುತ್ತವೆ, ಹಿರಿಯ ಸಾಲುಗಳೆರಡೂ ಉಕ್ಕುತ್ತವೆ. ಉಕ್ಕಿದ ಭಾಗ ಒಂದನೆಯ ಮನೆಯಿಂದಲೇ ಮುಂದುವರಿದಿತ್ತು. ಆರಕ್ಕೆ ಎರಡು ಕೂಡಿ ಎಂಟಾಯಿತು. ಮೂರನೆಯ ಸಾಲಿನ ಬಾಲ ನಾಲ್ಕನೆಯ ಸಾಲೆನಿಸಿತು, ಆರನೆಯದರ ಬಾಲ ಎಂಟನೆಯದೆನಿಸಿತು. ಬಾಲಕ್ಕೆ ಪ್ರಾಸವೆಲ್ಲಿಂದ ಬರಬೇಕು? ಬಾಲಕಿಯ ಲೆಕ್ಕ ಸರಿಯಾಗಿಯೇ ಇತ್ತು. ಅವಳ ಕೈಗೆ ಸಿಕ್ಕ ಪುಟದ ಪ್ರಕಾರ ಪ್ರಾಸ ತಪ್ಪಿದ್ದು ನಿಜ.

ಆ ಪದ್ಯಗಳನ್ನು ಹೊಸದಾಗಿ ಬೆರಳಚ್ಚು ಮಾಡಿ, ಪ್ರತಿ ಸಾಲಿನ ಕೊನೆಗೆ ಹೊಸ ಸಾಲಿನ ಸಂಕೇತ, ಪದ್ಯಗಳ ನಡುವೆ ಒಂದು ಖಾಲಿ ಸಾಲು, ಆರಂಭದಲ್ಲಿ ಆಗಲೇ ಹೇಳಿದ ಎರಡು ಅಂಕಿಗಳ ಸಂಕೇತ ಇಟ್ಟೆವು. ಒಂದು ಮತ್ತು ಒಂದು ಇರಬೇಕಾದಲ್ಲಿ ಒಂದು ಮತ್ತು ಮೂರು. ವ್ಯತ್ಯಾಸ ಅಷ್ಟೇ. ಮರುದಿನ ಅವಳು ಎಡಗೈಯ ತೋರುಬೆರಳನ್ನು ಅಂಚಿನ ಉದ್ದಕ್ಕೆ ಮೇಲಿಂದ ಕೆಳಕ್ಕೆ ಇಳಿಸಿದಳು. ಒಂದನೆಯ ಮನೆಯಲ್ಲಿ ಚುಕ್ಕೆ ತಾಗಿದ್ದು ಆರು ಬಾರಿ. ಬಳಿಕ ಬೆರಳನ್ನು ತುಸು ಬಲಕ್ಕೆ ಸರಿಸಿ ಎರಡನೆಯ ಅಕ್ಷರವನ್ನು ಹುಡುಕಿದಳು. ಅದು ಕೆಲವೆಡೆ ಎರಡನೆಯ ಮನೆಯಲ್ಲಿ, ಕೆಲವೆಡೆ ಮೂರನೆಯದರಲ್ಲಿ ಇರುತ್ತದೆ. ಆರು ಸಾಲುಗಳಲ್ಲಿಯೂ ಅದೇ ವ್ಯಂಜನ. ಕಣ್ಣುಳ್ಳ ನಾವು ಆದಿಪ್ರಾಸವನ್ನು ಕಿವಿಯಿಂದ ಕೇಳುತ್ತೇವೆ, ಹೆಚ್ಚೆಂದರೆ ಕಣ್ಣಿನಿಂದ ಕಾಣುತ್ತೇವೆ. ಅದನ್ನು ಮುಟ್ಟಿ ನೋಡುವ ಭಾಗ್ಯ ನಮಗಿಲ್ಲ.

ಛಂದಸ್ಸಿನ ಪಾಠವನ್ನು ಬ್ರೈಲಿನಲ್ಲಿ ಕಲಿಸಲಾಗದು, ಕಂಠಪಾಠವೇ ಸಾಕು ಎಂದು ಹೇಳುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮದೇ ನೆಲದ ಮಂಜೇಶ್ವರದ ಗೋವಿಂದ ಪೈಗಳು ಕಳೆದ ಶತಮಾನದ ಆರಂಭದಲ್ಲಿ ಆದಿಪ್ರಾಸವನ್ನು ಬಿಟ್ಟು ಕವಿತೆ ಬರೆದಾಗ ಅದೊಂದು ದೊಡ್ಡ ಸಾಹಸವೆನಿಸಿತು. ಆ ಸಾಹಸ ಏನೆಂದು ಅರಿಯಬೇಕಾದರೆ ಪ್ರಾಸವಿರುವ ಪದ್ಯವನ್ನೂ ಪ್ರಾಸ ತೊರೆದ ಪದ್ಯವನ್ನೂ ಸಾಲು ಸಾಲಾಗಿ ಹೋಲಿಸಬೇಕು. ಸಾಲುಗಳೇ ಅಳಿಸಿಹೋದ ಪುಟದಲ್ಲಿ ಎರಡೂ ಒಂದೇ ಗದ್ಯ. ಕಾಸರಗೋಡಿನ ಕನ್ನಡ ಮಗುವಿಗೆ ಗೋವಿಂದ ಪೈಗಳ ಹಿರಿಮೆಯನ್ನು ಬಾಯಿಮಾತಿನಲ್ಲಿ ಮಾತ್ರ ಹೇಳಿ ಕಳುಹಿಸಿದರೆ ನಾವು ಮಾಡಿದ ಉಪಕಾರವೇನು?

ಈಗ ಅಧ್ಯಾಪಕರಲ್ಲಿ ನೇರವಾಗಿ ಕೆಲವು ಮಾತು. ನಮಗೆ ಬರುವ ಕನ್ನಡ ಕಡತಗಳಲ್ಲಿ ಮೊದಲ ತೊಡಕು ಅಕ್ಷರದ್ದೇ. ನುಡಿ, ಬರಹ ಮುಂತಾದವುಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಪಾಠ ತೆರೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಕನ್ನಡದ ವೇಷ ತೊಡಿಸಿದ್ದು. ಅನುವಾದಕಕ್ಕೆ ವೇಷ ಕಾಣಿಸುವುದಿಲ್ಲ. ಅದು ಒಳಗಿರುವುದನ್ನೇ ಚುಕ್ಕೆ ಮಾಡುತ್ತದೆ, ಮಗುವಿನ ಬೆರಳಿಗೆ ಅರ್ಥವಿಲ್ಲದ ಕಲಸುಮೇಲೋಗರ ತಾಗುತ್ತದೆ. ಯುನಿಕೋಡ್‌ನಲ್ಲಿ ಬೆರಳಚ್ಚು ಮಾಡಿ, ಇಲ್ಲವೇ ಯುನಿಕೋಡ್‌ಗೆ ಪರಿವರ್ತಿಸಿ ಕೊಡಿ. ಈ ಒಂದು ವಿಷಯದಲ್ಲಿ ವಿನಾಯಿತಿ ಇಲ್ಲ.

ಎರಡನೆಯ ತೊಡಕು ಸ್ಪೇಸ್ ಕೀಲಿ. ಶೀರ್ಷಿಕೆಯನ್ನು ನಡುವಿಗೆ ತರಲು ಇಪ್ಪತ್ತು ಸಲ ಸ್ಪೇಸ್ ಒತ್ತುವುದು, ಪ್ಯಾರಾ ತೊಡಗಲು ಐದು ಸಲ, ಮುಂದಿನ ಪುಟಕ್ಕೆ ಹೋಗಲು ಹತ್ತು ಸಲ ಎಂಟರ್. ನಿಮ್ಮ ಕಾಗದದ ಅಳತೆಗೆ ಅದು ಚಂದವೇ. ಆದರೆ ಬ್ರೈಲ್ ಪುಟದ ಅಳತೆ ಬೇರೆ. ನಿಮ್ಮ ಇಪ್ಪತ್ತು ಖಾಲಿಗಳು ಅಲ್ಲಿ ಅರ್ಧ ಸಾಲನ್ನೇ ನುಂಗಬಹುದು. ಬದಲಿಗೆ ವರ್ಡ್‌ನಲ್ಲಿರುವ ‘ಶೈಲಿ’ಗಳನ್ನು ಬಳಸಿ. ಶೀರ್ಷಿಕೆಗೆ ಶೀರ್ಷಿಕೆಯ ಶೈಲಿ ಕೊಟ್ಟರೆ ಅದು ನಡುವಿಗೆ ಬರಬೇಕೋ ಐದನೆಯ ಮನೆಗೆ ಬರಬೇಕೋ ಎಂಬುದನ್ನು ನಮ್ಮ ತಂತ್ರಾಂಶ ನೋಡಿಕೊಳ್ಳುತ್ತದೆ. ಚೆಲುವಾಗಿ ಕಾಣಿಸಬೇಕಾದ ಹೊಣೆ ನಿಮ್ಮದಲ್ಲ. ‘ಇದು ಶೀರ್ಷಿಕೆ’ ಎಂದು ಹೇಳುವ ಹೊಣೆ ಮಾತ್ರ ನಿಮ್ಮದು.

ಎಂಟರ್ ಕೀಲಿಯ ವಿಷಯವೂ ಇಷ್ಟೇ. ಗದ್ಯದ ಪ್ರತಿ ಸಾಲಿನ ಕೊನೆಗೆ ಎಂಟರ್ ಒತ್ತಿದ ಕಡತ ಬಂದರೆ ತಂತ್ರಾಂಶ ಪ್ರತಿ ಸಾಲನ್ನೂ ಹೊಸ ಪ್ಯಾರಾ ಎಂದು ಭಾವಿಸುತ್ತದೆ. ಆಗ ಎಲ್ಲ ಸಾಲುಗಳೂ ಮೂರನೆಯ ಮನೆಯಲ್ಲಿ ತೊಡಗುತ್ತವೆ, ಒಂದೊಂದು ಸಾಲೂ ಹೊಸ ವಿಚಾರವೆಂಬ ಭ್ರಮೆ ಹುಟ್ಟುತ್ತದೆ. ಪಿಡಿಎಫ್‌ನಿಂದ ನಕಲು ಮಾಡಿದ ಪಾಠಗಳಲ್ಲಿ ಈ ರೋಗ ಸಾಮಾನ್ಯ. ಎಂಟರ್ ಒತ್ತಿದರೆ ಪ್ಯಾರಾ, ಶಿಫ್ಟ್ ಹಿಡಿದು ಎಂಟರ್ ಒತ್ತಿದರೆ ಬರಿಯ ಸಾಲು. ಈ ಭೇದವನ್ನು ಪಾಲಿಸಿದರೆ ಅರ್ಧ ಸಂಕೇತಗಳನ್ನು ನೀವೇ ಇಟ್ಟಂತೆ.

ಪ್ರಶ್ನೆಪತ್ರಿಕೆಯಲ್ಲಿ ಇದು ಅಂಕದ ಪ್ರಶ್ನೆಯೇ ಆಗುತ್ತದೆ. ನಾಲ್ಕು ಆಯ್ಕೆಗಳನ್ನು ಒಂದೇ ಸಾಲಿನಲ್ಲಿ ಹೊಂದಿಸಿ ಕೊಟ್ಟರೆ ಕಣ್ಣು ಒಂದೇ ನೋಟದಲ್ಲಿ ಹೋಲಿಸುತ್ತದೆ. ಬೆರಳು ನಾಲ್ಕನೆಯದಕ್ಕೆ ತಲಪುವಾಗ ಮೊದಲನೆಯದನ್ನು ಹುಡುಕಲು ಮತ್ತೆ ಸಾಲಿನ ನಡುವೆ ತಡಕಾಡಬೇಕು. ಪ್ರಶ್ನೆ ಒಂದನೆಯ ಮನೆಯಿಂದ, ಆಯ್ಕೆಗಳು ಒಂದೊಂದು ಸಾಲಿನಲ್ಲಿ ಮೂರನೆಯ ಮನೆಯಿಂದ, ಇವೆರಡರಲ್ಲಿ ಯಾವುದು ಉಕ್ಕಿದರೂ ಐದನೆಯ ಮನೆಯಿಂದ. ಹೀಗಿದ್ದರೆ ಅಂಚಿನಲ್ಲಿಯೇ ಬೆರಳಾಡಿಸಿ ಉತ್ತರವನ್ನು ಆರಿಸಬಹುದು. ಕಾಗದ ಹೆಚ್ಚು ಬೇಕಾಗುತ್ತದೆ, ನಿಜ. ಕಾಗದ ಉಳಿಸಲೆಂದು ಖಾಲಿ ಸಾಲುಗಳನ್ನೂ ಮನೆಗಳನ್ನೂ ಕಿತ್ತುಹಾಕುವ ಪದ್ಧತಿಯನ್ನು ನಾನು ಕಂಡಿದ್ದೇನೆ. ಆ ಉಳಿತಾಯವನ್ನು ಮಗು ತನ್ನ ಸಮಯದಿಂದ ಭರ್ತಿಮಾಡುತ್ತದೆ. ಹಾಗೆಯೇ ಮುದ್ರಿತ ಪುಸ್ತಕದ ಪುಟಸಂಖ್ಯೆಗಳನ್ನು ಕಡತದಿಂದ ಅಳಿಸಬೇಡಿ. ಒಂದು ಮುದ್ರಿತ ಪುಟ ಬ್ರೈಲಿನಲ್ಲಿ ಎರಡು ಮೂರು ಪುಟಗಳಾಗುತ್ತದೆ. ತರಗತಿಯಲ್ಲಿ ನೀವು ‘42ನೆಯ ಪುಟ ತೆರೆಯಿರಿ’ ಎಂದಾಗ ಆ ಮಗುವೂ ಉಳಿದವರೊಡನೆ ತೆರೆಯುವಂತಾಗಬೇಕು. ಮೂಲ ಪುಟಸಂಖ್ಯೆಯನ್ನು ಸೂಚಿಸುವ ಸಂಕೇತವೂ ನಮ್ಮಲ್ಲಿದೆ.

ಹೆತ್ತವರಲ್ಲಿ ಒಂದು ಮಾತು. ಈ ಶಾಲೆ ಆರಂಭವಾದಾಗ ಈ ಊರು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ನಮ್ಮ ಮಕ್ಕಳು ಓದುವುದು ಕೇರಳದ ಪಠ್ಯಕ್ರಮದ ಕನ್ನಡ ಪುಸ್ತಕ. ಕರ್ನಾಟಕದಲ್ಲಿ ಬ್ರೈಲಿಗೆ ಬಂದ ಪಠ್ಯ ನಮ್ಮ ತರಗತಿಗೆ ಹೊಂದದು. ಕೇರಳದ ಮಲಯಾಳ ಬ್ರೈಲ್ ಪಠ್ಯದ ಚುಕ್ಕೆಗಳು ಒಂದೇ ಆದರೂ ಭಾಷೆ ಬೇರೆ. ಹೀಗೆ ನಮ್ಮ ಕಣ್ಣು ಕಾಣದ ಕನ್ನಡ ಮಗು ಎರಡು ಸಲ ಗಡಿಯಲ್ಲಿ ನಿಲ್ಲುತ್ತದೆ. ಅದರ ಪುಸ್ತಕವನ್ನು ಇಲ್ಲಿಯವರೇ ಸಿದ್ಧಪಡಿಸಬೇಕು. ಇದಕ್ಕೆ ಕಾನೂನಿನ ಅಡ್ಡಿಯಿಲ್ಲ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಅಂಗವಿಕಲರ ಓದಿಗಾಗಿ ಲಾಭದ ಉದ್ದೇಶವಿಲ್ಲದೆ ಕೃತಿಯನ್ನು ಬ್ರೈಲಿನಂತಹ ರೂಪಕ್ಕೆ ತರಬಹುದು. ಇದೇ ಆಶಯದ ಅಂತರರಾಷ್ಟ್ರೀಯ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಸ್ಥಿರೀಕರಿಸಿದ್ದು ಭಾರತ. ಕೊರತೆ ಇರುವುದು ಅನುಮತಿಯದ್ದಲ್ಲ, ಕೈಗಳದ್ದು. ಗಣಕಯಂತ್ರವನ್ನು ಬಲ್ಲ ಹಳೆವಿದ್ಯಾರ್ಥಿಗಳು ಈ ಊರಲ್ಲಿಯೂ ಮಂಗಳೂರು, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಲ್ಲಿಯೂ ನೂರಾರು ಮಂದಿ ಇದ್ದೀರಿ. ಬ್ರೈಲ್ ಕಲಿಯದೆಯೂ ನೀವು ಈ ಕೆಲಸದ ಮುಕ್ಕಾಲು ಪಾಲನ್ನು ಮಾಡಬಲ್ಲಿರಿ: ಪಠ್ಯವನ್ನು ಯುನಿಕೋಡ್‌ನಲ್ಲಿ ಶುದ್ಧವಾಗಿ ಬೆರಳಚ್ಚು ಮಾಡಿ, ಶೀರ್ಷಿಕೆ, ಪ್ಯಾರಾ, ಪದ್ಯ, ಪಟ್ಟಿಗಳಿಗೆ ಸರಿಯಾದ ಶೈಲಿ ಕೊಡುವುದು. ಉಳಿದ ಪರಿಶೀಲನೆಯನ್ನು ಬ್ರೈಲ್ ಬಲ್ಲವರು, ಮುಖ್ಯವಾಗಿ ಬೆರಳಿನಿಂದ ಓದುವವರೇ, ಮಾಡಬೇಕು. ಅವರ ಕೈ ಹಾಯದ ಪ್ರತಿಯನ್ನು ಸಿದ್ಧವಾಯಿತೆಂದು ನಾನು ಎಣಿಸುವುದಿಲ್ಲ.

ಕೊನೆಯದಾಗಿ, ಸ್ಮರಣ ಸಂಚಿಕೆಯ ಸಂಪಾದಕ ಸಮಿತಿಯವರಲ್ಲಿ ಒಂದು ವಿನಂತಿ. ಸಂಚಿಕೆ ಮುದ್ರಣಕ್ಕೆ ಹೋಗುವ ಮುನ್ನ ಅದರ ಬೆರಳಚ್ಚಿನ ಕಡತವನ್ನು ನನಗೆ ಕೊಡಿ, ಪಿಡಿಎಫ್ ಬೇಡ. ಲೇಖನಗಳ ಶೀರ್ಷಿಕೆಗಳಿಗೆ ಶೈಲಿ ಕೊಟ್ಟಿರಲಿ. ಸಂಚಿಕೆಯಲ್ಲಿ ನಮ್ಮ ಪ್ರಾರ್ಥನಾ ಗೀತೆಯೂ ಹಳೆವಿದ್ಯಾರ್ಥಿಗಳ ಕೆಲವು ಕವನಗಳೂ ಇವೆ ಎಂದು ಕೇಳಿದ್ದೇನೆ. ಅವುಗಳಲ್ಲಿ ಕವಿ ಎಲ್ಲಿ ಸಾಲು ಮುರಿದಿದ್ದಾರೆ, ಎಲ್ಲಿ ಜಾಗ ಸಾಲದೆ ಮುರಿದಿದೆ ಎಂಬುದನ್ನು ಪೆನ್ಸಿಲಿನಲ್ಲಿ ಗುರುತಿಸಿದ ಒಂದು ಮುದ್ರಿತ ಪ್ರತಿಯನ್ನು ಜೊತೆಗಿಟ್ಟರೆ ಉಪಕಾರ. ಛಾಯಾಚಿತ್ರಗಳ ಕೆಳಗೆ ಹೆಸರುಗಳನ್ನು ಎಡದಿಂದ ಬಲಕ್ಕೆ ಬರೆಯುವಾಗ ಯಾರು ನಿಂತವರು, ಯಾರು ಕುಳಿತವರು ಎಂಬುದನ್ನು ಬೇರೆ ಬೇರೆ ಸಾಲಿನಲ್ಲಿ ಕೊಡಿ. ಬ್ರೈಲ್ ಪ್ರತಿ ಎರಡು ಮೂರು ಸಂಪುಟಗಳಾದೀತು. ಒಂದು ನಮ್ಮ ಶಾಲೆಯ ವಾಚನಾಲಯಕ್ಕೆ. ಇನ್ನೊಂದು ಪ್ರತಿ ಆ ಬಾಲಕಿಗೆ. ಅವಳು ಈಗ ಕಾಲೇಜಿನಲ್ಲಿದ್ದಾಳೆ, ಕನ್ನಡವನ್ನೇ ಐಚ್ಛಿಕವಾಗಿ ಓದುತ್ತಿದ್ದಾಳೆ. ಕರಡು ತಿದ್ದಲು ಒಪ್ಪಿದ್ದಾಳೆ.